ಗಾಡಿ ಮೂತಿ ಯಾವ ಕಡೆ?

ನಮ್ಮನೆ ಸಿದ್ದಾಪುರದ ಹತ್ತಿರ ಒಂದು ಹಳ್ಳಿಯಲ್ಲಿ. ಅಂಗಳ ಪೂರ್ತಿ ಏರು. ಅಪ್ಪ 2003ರಲ್ಲಿ ಕೊಂಡ ಡೀಸೆಲ್ ಪಿಕಪ್ ರಾತ್ರಿಯಿಡೀ ಅಲ್ಲಿ ಮೂತಿ ಮೇಲೆ ಮಾಡಿಕೊಂಡೇ ನಿಂತಿರುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹಟ ಮಾಡತೊಡಗಿತು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸೋಲುವ ಹೊತ್ತಿಗೆ ಬಿಳಿ ಹೊಗೆ ಬಿಟ್ಟು ಏಳುತ್ತಿತ್ತು. ಗ್ಯಾರೇಜೊಂದರಲ್ಲಿ "ಡೀಸೆಲ್ ಪಂಪೇ ಹೋಗಿದೆ" ಅಂದರು. ಖರ್ಚು ಕೇಳಿ, ಮಾರಿಬಿಡೋಣ ಅಂದೆ. ಅಪ್ಪ ಮಾತಾಡಲಿಲ್ಲ, ಕವಳದ ತಟ್ಟೆ ಎಳೆದುಕೊಂಡರು.

ನವೆಂಬರಿನಲ್ಲಿ ಯಲ್ಲಾಪುರದ ಅಕ್ಕನ ಮನೆಗೆ ಅಡಿಕೆ ಒಣಗಿಸುವ ಅಟ್ಟಕ್ಕೆ ದಬ್ಬೆ ಹೇರಿಕೊಂಡು ಹೊರಟೆ. ಶಿರಸಿ ದಾಟಿ ಸಹಸ್ರಲಿಂಗದ ತಿರುವು ಬಂತು. ಶಾಲ್ಮಲೆಯ ನೀರು ಇಳಿದು ಕಲ್ಲಿನ ಲಿಂಗಗಳು ಕಾಣುವ ಕಾಲ. ಆದರೆ ಎಂಜಿನ್ ಆಫ್ ಮಾಡೋ ಧೈರ್ಯ ಯಾರಿಗಿತ್ತು! ಬೇಡ್ತಿ ಹೊಳೆ ದಾಟಿ ಏರು ಹತ್ತುವಾಗ ಎರಡನೇ ಗೇರಿನಲ್ಲೂ ಮುಗ್ಗರಿಸಿತು.

ಅಕ್ಕನ ಮನೆ ಅಂಗಳ ಇಳಿಜಾರು. ಮರುದಿನ ಬೆಳಿಗ್ಗೆ ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಭಾವ ಪರಿಚಯದ ಮೆಕ್ಯಾನಿಕ್ ಹತ್ತಿರ ಕರೆದೊಯ್ದ. ಅರಬೈಲ್ ಘಟ್ಟ ಇಳಿಯುವ ಲಾರಿಗಳ ನಡುವೆಯೇ ಕೂದಲು ಹಣ್ಣಾದ ಮನುಷ್ಯ. ಬಾನೆಟ್ ಎತ್ತುವ ಮೊದಲೇ ಕೇಳಿದರು, "ಭಟ್ರೆ, ಮನೇಲಿ ಗಾಡಿ ಮೂತಿ ಯಾವ ಕಡೆ ಮಾಡಿ ನಿಲ್ಲಿಸ್ತೀರಿ?"

ಟ್ಯಾಂಕು ಹಿಂದೆ, ಪಂಪು ಮುಂದೆ. ಪೈಪು ಎಲ್ಲಾದರೂ ಗಾಳಿ ಎಳೆದರೆ, ಏರಿಗೆ ನಿಂತ ಗಾಡಿಯ ಡೀಸೆಲ್ ರಾತ್ರಿ ಮೆಲ್ಲಗೆ ಟ್ಯಾಂಕಿಗೇ ವಾಪಸ್ಸು. ಪಂಪು ಹೀರುವ ಕಡೆಯ ಪೈಪಾದ್ದರಿಂದ ಹೊರಗೆ ಒಂದು ತೊಟ್ಟೂ ಸೋರಬೇಕಂತಿಲ್ಲ. ಅದಕ್ಕೇ ನಮ್ಮ ಕಣ್ಣಿಗೆ ಬೀಳದೇ ಹೋಗಿದ್ದು. ಅವರು ಫಿಲ್ಟರಿಗೂ ಪಂಪಿಗೂ ನಡುವೆ ಗೇಣುದ್ದ ಪಾರದರ್ಶಕ ಪೈಪು ಸಿಕ್ಕಿಸಿ ಎಂಜಿನ್ ಏರಿಸಿದರು. ಗೋಲಿಸೋಡಾದ ಹಾಗೆ ಗುಳ್ಳೆ! ಅದೇ ತುಂಡನ್ನು ಹಿಂದೆ ಹಿಂದೆ ಸರಿಸುತ್ತಾ ಹೋದರೆ, ಟ್ಯಾಂಕಿನ ಬಳಿ ಕ್ಲಿಪ್ಪಿನಡಿ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು.

ಫಿಲ್ಟರಿನ ತಳದಿಂದ ಬಾಟಲಿಗೆ ಇಳಿಸಿದರೆ ಡೀಸೆಲ್ ಮೇಲೆ, ಎರಡು ಬೆರಳು ನೀರು ಕೆಳಗೆ. ಮಳೆಗಾಲವಿಡೀ ಅರೆಬರೆ ಟ್ಯಾಂಕಲ್ಲೇ ಓಡಿಸಿದ್ದಕ್ಕೆ ಬೈಸಿಕೊಂಡೆ. ಪೈಪು, ಫಿಲ್ಟರ್ ಹೊಸದು ಹಾಕಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿದರು. ಎಲ್ಲ ಸೇರಿ ಸಾವಿರದೊಳಗೆ. ದೊಡ್ಡ ಪಂಪನ್ನು ಮುಟ್ಟಲೂ ಇಲ್ಲ.

ಮನೆಗೆ ಬಂದು ಬೇಕೆಂದೇ ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಬೆಳಿಗ್ಗೆ ಆಸರಿಗೂ ಮುಂಚೆ ಅಪ್ಪನೇ ಹೋಗಿ ಸೆಲ್ಫ್ ಹೊಡೆದರು. ಒಂದೇ ಸಲ! ಕೀ ನನಗೆ ಕೊಡದೆ ತಮ್ಮ ಕಿಸೆಗೇ ಹಾಕಿಕೊಂಡರು.