ಅವ್ವನ ಪ್ರಾರ್ಥನೆ ಅಂದ್ರೆ ಜಗಳ

2020ರ ಏಪ್ರಿಲ್‌ನಲ್ಲಿ ಒಂದು ಸಂಜೆ ಬ್ಯೂರೋದಿಂದ ಫೋನ್ ಬಂತು. "ಪುಟ ಕಡಿಮಿ ಮಾಡ್ಯಾರ. ಮುಂದಿನ ತಿಂಗಳಿಂದ ಸುದ್ದಿ ಕಳಸಬ್ಯಾಡ್ರಿ" ಅಂದರು. ಒಂಬತ್ತು ವರ್ಷದ ಸಂಬಂಧ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. "ಹಳೇ ಬಿಲ್ ಏನಾತ್ರಿ ಸರ್?" ಅಂತ ಕೇಳಿದೆ. "ನೋಡೂಣು" ಅಂದರು. ಆರು ತಿಂಗಳ ದುಡ್ಡು ಬರಬೇಕಿತ್ತು.

ನಾನು ಅರೆಕಾಲಿಕ ವರದಿಗಾರ. ನಮ್ಮಂಥವರಿಗೆ ಸಂಬಳ ಇಲ್ಲ. ಅಚ್ಚಾದ ಸುದ್ದಿಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ದುಡ್ಡು ಕೊಡುತ್ತಾರೆ. ಧಾರವಾಡದಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಗದಗ ಜಿಲ್ಲೆಯ ನಮ್ಮ ಊರಿಗೆ ಬಂದಾಗ ಎಲ್ಲರೂ ನನ್ನನ್ನು "ಪೇಪರ್‌ನವ" ಅನ್ನತೊಡಗಿದರು. ಬೆಳಿಗ್ಗೆ ಪೇಪರ್ ಹಾಕುವವ ಅಂತ ತಿಳಿದವರೂ ಇದ್ದರು.

ಆ ಫೋನ್ ಬರುವ ಮೊದಲೇ ನಾನು ಅರ್ಧ ಮುಳುಗಿದ್ದೆ. ಮಾತಿಗೆ ಹೇಳ್ತಿಲ್ಲ, ನಿಜವಾಗಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ಹೋಗಿದ್ದೆ. ಬೈಕ್ ನಿಲ್ಲಿಸಿ ಎತ್ತರದ ಕಡೆ ನಡೆದು ಫೋಟೊ ತೆಗೆದೆ. ತಿರುಗಿ ಬರುವಷ್ಟರಲ್ಲಿ ಬೈಕಿನ ಸೀಟಿನವರೆಗೆ ನೀರು. ಇಂಜಿನ್ ಕೆಟ್ಟು ಹೋಯಿತು. ಫೋಟೊ ಅಚ್ಚಾಯಿತು, ಕೆಳಗೆ ನನ್ನ ಹೆಸರು ಇರಲಿಲ್ಲ. ಬೈಕ್ ರಿಪೇರಿಗೆ ಸಂಘದಿಂದ ಸಾಲ ತೆಗೆದುಕೊಟ್ಟವಳು ಅವ್ವ.

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. ಸಂಜೆ ಮನೆಗೆ ಬಂದರೆ ಎಷ್ಟು ಸಲ ತೊಳೆದರೂ ಕೈಯ ಖಾರ ಹೋಗುವುದಿಲ್ಲ. ರಾತ್ರಿ ಪ್ರಾರ್ಥನೆಗೆ ಕೂತಾಗ ಅಳು ಬಂದರೆ ಕೈಯಿಂದ ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ, ಸೆರಗಿನ ತುದಿಯೇ ಬೇಕು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಊರಲ್ಲಿ ನಾವು ನಾಲ್ಕೇ ಮನೆ. ಹಬ್ಬಕ್ಕೆ ಬೆಟಗೇರಿಯ ಚರ್ಚಿಗೆ ಹೋಗುತ್ತೇವೆ. ಉಳಿದ ದಿನ ಅವ್ವನ ಅಡುಗೆಮನೆಯೇ ಚರ್ಚು.

ಅವ್ವನ ಪ್ರಾರ್ಥನೆಯಲ್ಲಿ ಸ್ತೋತ್ರಕ್ಕಿಂತ ಜಗಳವೇ ಜಾಸ್ತಿ. ಫೋನ್ ಬಂದ ಆ ರಾತ್ರಿ ಅವಳು ಹೀಗೆ ಶುರು ಮಾಡಿದಳು: "ಏನಪಾ ಕರ್ತಾ, ನಿನಗ ನಮ್ಮ ಮನಿ ಅಷ್ಟ ಕಾಣತೈತೇನು? ಬೈಕ್ ಒಯ್ದಿ, ಈಗ ಕೆಲಸಾನೂ ಒಯ್ದಿ. ನನ್ನ ಮಗ ಯಾರ ಹೊಲ ಮೇಯಿಸ್ಯಾನ?" ನನಗೆ ನಾಚಿಕೆಯಾಯಿತು. ದೇವರಿಗೆ ಹೀಗೆಲ್ಲ ಅನ್ನಬಾರದು ಅಂದೆ. "ಮತ್ತ ಯಾರಿಗೆ ಅನ್ನಲಿ? ನಿಮ್ಮ ಪೇಪರ್‌ನವರಿಗೆ ಅಂದರ ಫೋನ್ ಎತ್ತತಾರೇನು?" ಅಂದಳು.

ನಾನು ಪ್ರಾರ್ಥನೆಗೆ ಕೂರುವುದನ್ನು ಬಿಟ್ಟೆ. ತಿಂಗಳುಗಟ್ಟಲೆ. ಜಗಳಕ್ಕೂ ಮನಸ್ಸಿರಲಿಲ್ಲ. ಅವ್ವ ಒಂದು ದಿನವೂ ಒತ್ತಾಯ ಮಾಡಲಿಲ್ಲ, ಹಾಸಿದ ಚಾಪೆಯಲ್ಲಿ ನನ್ನ ಜಾಗ ಮಾತ್ರ ಹಾಗೇ ಬಿಡುತ್ತಿದ್ದಳು.

ಬಂಧುಗಳು ಸುಮ್ಮನಿರಲಿಲ್ಲ. ಒಬ್ಬರು ಯೂಟ್ಯೂಬ್ ಪ್ರಸಂಗಗಳನ್ನು ವಾಟ್ಸ್‌ಆ್ಯಪ್‌ಗೆ ಕಳಿಸಿದರು. ದಶಮಾಂಶ ಸರಿಯಾಗಿ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಅದರಲ್ಲಿತ್ತು. ಬಾರದ ಬಿಲ್ಲಿನ ಹತ್ತನೇ ಒಂದು ಭಾಗ ಎಷ್ಟಾಗುತ್ತದೆ ಅಂತ ಅವರನ್ನೇ ಕೇಳಬೇಕು ಅನ್ನಿಸಿತು. ಇನ್ನೊಬ್ಬರು "ಎಲ್ಲೋ ಗುಟ್ಟಿನ ಪಾಪ ಇರಬೇಕು" ಅಂದರು. ಕಷ್ಟದಲ್ಲಿರುವವನಿಗೆ ಲೆಕ್ಕಪತ್ರ ಕೇಳುವ ಈ ಚಾಳಿ ಹಳೆಯದು. ಬೈಬಲ್ಲಿನ ಯೋಬನ ಗೆಳೆಯರೂ ಅದನ್ನೇ ಮಾಡಿದರು. ಮೊದಲು ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ನನ್ನ ಪ್ರಕಾರ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗಿದ್ದು ದೂರು ಹೇಳಿದ ಯೋಬನ ಗೆಳೆಯರ ಮೇಲೆ. ನೀವು ಅವನಂತೆ ಸರಿಯಾಗಿ ಮಾತಾಡಲಿಲ್ಲ ಅಂತ. ಇದನ್ನು ನಾನು ಭಾನುವಾರದ ಶಾಲೆಯಲ್ಲೇ ಓದಿದ್ದೆ. ಅರ್ಥ ಆಗಿರಲಿಲ್ಲ.

ಮೇ ತಿಂಗಳಿಂದ ಉದ್ಯೋಗ ಖಾತ್ರಿಯಲ್ಲಿ ಬದು ಹಾಕುವ ಕೆಲಸಕ್ಕೆ ಹೋದೆ. ಆಗ ಕೂಲಿ ದಿನಕ್ಕೆ 275 ರೂಪಾಯಿ. ಮೊದಲ ದಿನ ಸಲಿಕೆ ಹಿಡಿದಾಗ ಪಕ್ಕದ ಹೆಣ್ಣುಮಕ್ಕಳು ನಕ್ಕರು. "ಪೇಪರ್‌ನವರು ಫೋಟೊ ತೆಗಿಯಾಕ ಬಂದಾರ" ಅಂದರು. ಎರಡನೇ ದಿನವೂ ಬಂದಾಗ ನಗು ನಿಂತಿತು. ಮೂರನೇ ದಿನ ಒಬ್ಬ ಅಕ್ಕ ನನ್ನ ಬುಟ್ಟಿಗೆ ಮಣ್ಣು ಕಡಿಮೆ ತುಂಬತೊಡಗಿದಳು. ನಾನು ಎಷ್ಟೋ ಸಲ "ಕೂಲಿ ವಿಳಂಬ: ಕಾರ್ಮಿಕರ ಪ್ರತಿಭಟನೆ" ಅಂತ ನಾಲ್ಕು ಸಾಲು ಬರೆದು ಕೈತೊಳೆದುಕೊಂಡಿದ್ದೆ. ಕೂಲಿ 15 ದಿನದೊಳಗೆ ಕೊಡಬೇಕು ಅಂತ ಕಾನೂನು ಇದೆ, ಅದನ್ನೂ ಬರೆದಿದ್ದೆ. ಆದರೆ ಹದಿನಾರನೇ ದಿನ ಕಿರಾಣಿ ಅಂಗಡಿಯವನ ಮುಂದೆ ಹೇಗೆ ನಿಲ್ಲಬೇಕು ಅನ್ನುವುದು ಗೊತ್ತಾದದ್ದು ಆಗಲೇ.

ಜುಲೈ 1 ಬಂತು. ಪತ್ರಿಕಾ ದಿನ. ಪ್ರತಿವರ್ಷ ಅಂದು ಹರ್ಮನ್ ಮೋಗ್ಲಿಂಗ್ ಬಗ್ಗೆ ಒಂದು ಬರಹ ಕಳಿಸುತ್ತಿದ್ದೆ. ಅದು ತಪ್ಪದೆ ಅಚ್ಚಾಗುತ್ತಿತ್ತು, ಸೆಂಟಿಮೀಟರೂ ಜಾಸ್ತಿ ಸಿಗುತ್ತಿತ್ತು. ಆ ವರ್ಷ ಕಳಿಸಲು ಪತ್ರಿಕೆ ಇರಲಿಲ್ಲ. ಹಳೆಯ ಟಿಪ್ಪಣಿಯನ್ನು ನನಗಾಗಿಯೇ ಓದಿಕೊಂಡೆ. 1843ರ ಜುಲೈ 1ರಂದು ಈ ಜರ್ಮನ್ ಪಾದ್ರಿ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಅದು ಕನ್ನಡದ ಮೊದಲ ಪತ್ರಿಕೆ ಅಂತ ಪ್ರತಿ ಸಲ ಬರೆದಿದ್ದೆ. ಮರುವರ್ಷವೇ ಅದು ಮಂಗಳೂರು ಬಿಟ್ಟು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು, ಅಲ್ಲೂ ಹೆಚ್ಚು ಕಾಲ ಬಾಳಲಿಲ್ಲ ಅನ್ನುವುದನ್ನು ಕೊನೆಯ ಸಾಲಿಗೆ ತಳ್ಳುತ್ತಿದ್ದೆ. ಜಾಗ ಸಾಲದೆ ಹೋದರೆ ಡೆಸ್ಕಿನವರು ಆ ಸಾಲನ್ನೇ ಕತ್ತರಿಸುತ್ತಿದ್ದರು.

ನನಗೆ ಈಗ ಬೇಕಾದದ್ದು ಆ ಸಾಲೇ. ಪತ್ರಿಕೆ ನಿಂತ ಮೇಲೆ ಮನುಷ್ಯ ಏನು ಮಾಡಿದ? 1848ರಿಂದ ಹಳೆಯ ಕನ್ನಡ ಗ್ರಂಥಗಳನ್ನು ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ಬೇರೆ ಧರ್ಮದ ಪುಸ್ತಕ ಅಂತ ಬಿಡಲಿಲ್ಲ. ಆಮೇಲೆ ಕೊಡಗಿಗೆ ಹೋದರು. 1860ರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಜರ್ಮನಿಗೆ ಮರಳಬೇಕಾಯಿತು. 1881ರಲ್ಲಿ ಅಲ್ಲೇ ತೀರಿಕೊಂಡರು. ಅವರ ನಂಬಿಕೆಗೆ ಬಹುಮಾನ ಸಿಕ್ಕಿತು ಅಂತ ಹೇಳುವ ಹಾಗಿಲ್ಲ. ಒಂದು ಕೆಲಸ ಕೈಬಿಟ್ಟಾಗ ಇನ್ನೊಂದನ್ನು ಎತ್ತಿಕೊಂಡರು ಅಂತ ಮಾತ್ರ ಹೇಳಬಹುದು. ನಂಬಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಪ್ರಸಂಗಕ್ಕಿಂತ ಇದು ನನಗೆ ಹೆಚ್ಚು ಹಿಡಿಸಿತು.

2021ರ ಮೇ ತಿಂಗಳಲ್ಲಿ ಕೊರೊನಾಕ್ಕೆ ಸೋದರಮಾವ ಹೋದ. ಮಣ್ಣಿಗೆ ನಾಲ್ಕೈದು ಮಂದಿ. ಹಾಡಲೂ ಜನ ಇರಲಿಲ್ಲ. ಮರುದಿನ ಪಾಸ್ಟರ್ ಅಯ್ನೋರು ಬಂದು ನಮ್ಮ ಮನೆ ಕಟ್ಟೆಯ ಮೇಲೆ ದೂರ ಕೂತರು. ಬೈಬಲ್ ತೆರೆಯಲಿಲ್ಲ, ಉಪದೇಶ ಮಾಡಲಿಲ್ಲ. ಒಂದು ತಾಸು ಸುಮ್ಮನೆ ಕೂತು, "ಬರ್ತೀನವ್ವಾ" ಅಂತ ಎದ್ದು ಹೋದರು. ಆ ರಾತ್ರಿ ಚಾಪೆಯಲ್ಲಿ ನನ್ನ ಜಾಗದಲ್ಲಿ ಹೋಗಿ ಕೂತೆ. ಅವ್ವ ತಿರುಗಿ ನೋಡಲಿಲ್ಲ. ತಮ್ಮನ ಹೆಸರು ಹಿಡಿದು ದೇವರನ್ನು ಬೈಯುವುದು ಮುಂದುವರಿಸಿದಳು. ಈ ಸಲ ನಾನು ತಡೆಯಲಿಲ್ಲ. ನನ್ನದೂ ಎರಡು ಮಾತು ಸೇರಿಸಿದೆ. ಹೇಳಿದ ಮೇಲೆ ನಿದ್ದೆ ಬಂತು, ಬೆಳಿಗ್ಗೆ ಕೆಲಸಕ್ಕೆ ಎದ್ದೆ. ನನ್ನ ನಂಬಿಕೆಯಿಂದ ಆದದ್ದು ಇಷ್ಟು.

ಈಗ ಬೇರೆ ಪತ್ರಿಕೆಗೆ ಬರೆಯುತ್ತೇನೆ. ಹಳೆಯ ಆರು ತಿಂಗಳ ದುಡ್ಡು ಬರಲೇ ಇಲ್ಲ. ಹೊಸಬರೂ ಮೂರು ತಿಂಗಳದ್ದು ಬಾಕಿ ಇಟ್ಟಿದ್ದಾರೆ. ಸಂಜೆ ಮನೆಗೆ ಬಂದ ಕೂಡಲೇ ಅವ್ವ "ಇವತ್ತೇನ್ ಬರದಿ?" ಅಂತ ಕೇಳುತ್ತಾಳೆ. ರಾತ್ರಿ ಅದನ್ನೆಲ್ಲ ದೇವರಿಗೆ ವರದಿ ಒಪ್ಪಿಸುತ್ತಾಳೆ. ಯಾವ ಊರಲ್ಲಿ ನೀರಿಲ್ಲ, ಯಾವ ಶಾಲೆಯ ಮಾಳಿಗೆ ಸೋರುತ್ತದೆ, ಯಾರ ಕೂಲಿ ಬಂದಿಲ್ಲ, ಎಲ್ಲ. ನಿನ್ನೆ ಕೊನೆಗೆ ನನ್ನ ಬಾಕಿಯನ್ನೂ ಸೇರಿಸಿದಳು. "ಎಂಟು ಸಾವಿರದ ನಾನೂರು ಐತಿ. ಹೋದ ಸಲದ್ದು ಬ್ಯಾರೆ. ಬರಕೋ."