ಆಟ ಮುಗಿದ ಮೇಲೂ ಅಂಗಳ ಬಿಡದವರು

ನ್ಯೂಯಾರ್ಕ್ ನಗರಕ್ಕೆ ಹೋದವರು ಸ್ವಾತಂತ್ರ್ಯ ದೇವಿಯ ಪ್ರತಿಮೆ ನೋಡುತ್ತಾರೆ, ಎಂಪೈರ್ ಸ್ಟೇಟ್ ಕಟ್ಟಡ ಹತ್ತುತ್ತಾರೆ, ಟೈಮ್ಸ್ ಸ್ಕ್ವೇರಿನ ದೀಪಗಳ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ರೈಲು ಹಿಡಿದು ಉತ್ತರದ ಬ್ರಾಂಕ್ಸ್ ಭಾಗಕ್ಕೆ ಹೋಗುವ ನಮ್ಮವರು ಕಡಿಮೆ. 4ನೇ ನಂಬರಿನ ರೈಲು ನೆಲದಡಿಯ ಕತ್ತಲಿನಿಂದ ಮೇಲೆದ್ದು 161ನೇ ಬೀದಿಯ ನಿಲ್ದಾಣ ತಲುಪುತ್ತಿದ್ದಂತೆ ಎದುರಿಗೊಂದು ಬೃಹತ್ ಕ್ರೀಡಾಂಗಣ ಕಾಣಿಸುತ್ತದೆ. ಅದೇ ಯಾಂಕೀ ಸ್ಟೇಡಿಯಂ. 2009ರ ವರೆಗೆ 27 ಬಾರಿ ಬೇಸ್‌ಬಾಲ್ ಚಾಂಪಿಯನ್ ಪಟ್ಟ ಗೆದ್ದಿರುವ ನ್ಯೂಯಾರ್ಕ್ ಯಾಂಕೀಸ್ ತಂಡದ ಮನೆ ಅದು.

ಬೇಸ್‌ಬಾಲ್ ನಮಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ಕ್ರಿಕೆಟ್ಟಿನ ದೂರದ ದಾಯಾದಿ ಎನ್ನಬಹುದು. ಅಲ್ಲೂ ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆಯಿಂದ ಹೊಡೆಯುತ್ತಾನೆ. ಹೊಡೆದ ಚೆಂಡು ಬೇಲಿ ದಾಟಿ ಹೋದರೆ ಅದು 'ಹೋಮ್ ರನ್', ನಮ್ಮ ಸಿಕ್ಸರ್ ಇದ್ದಂತೆ. ಆಟದ ನಿಯಮ ಇದಕ್ಕಿಂತ ಹೆಚ್ಚು ಗೊತ್ತಿಲ್ಲದವರೂ ಈ ಕ್ರೀಡಾಂಗಣದ ಒಂದು ಮೂಲೆಯನ್ನು ನೋಡಲೇಬೇಕು. ಮೈದಾನದ ಆಚೆ ತುದಿಯಲ್ಲಿ, ಬೇಲಿಯ ಹಿಂದೆ ಇರುವ ಆ ಪುಟ್ಟ ಜಾಗದ ಹೆಸರು ಮಾನ್ಯುಮೆಂಟ್ ಪಾರ್ಕ್, ಅಂದರೆ ಸ್ಮಾರಕಗಳ ತೋಟ. ಒಂದು ವೃತ್ತಿಪರ ತಂಡ ತನ್ನ ಹಿರಿಯರನ್ನು ಹೇಗೆ ನೆನೆಯುತ್ತದೆ ಎಂಬುದನ್ನು ಇಲ್ಲಿ ಕಲ್ಲು, ಕಂಚಿನ ರೂಪದಲ್ಲಿ ಕಾಣಬಹುದು.

ಆಟದ ನಡುವೆ ನಿಂತ ಕಲ್ಲು

ಈ ತೋಟದ ಮೊದಲ ಸ್ಮಾರಕ ಯಾರದು? ದಾಖಲೆ ವೀರನದಲ್ಲ, ಜನ ಕುಣಿದಾಡಿ ಮೆರೆಸಿದ ತಾರೆಯದೂ ಅಲ್ಲ. ಆಟಗಾರರನ್ನು ತಿದ್ದಿ ನಡೆಸಿದ ಮ್ಯಾನೇಜರ್ ಮಿಲ್ಲರ್ ಹಗಿನ್ಸ್‌ರದು. ಕಾನೂನು ಪದವೀಧರರಾಗಿದ್ದ ಹಗಿನ್ಸ್ ಕುಳ್ಳಗಿನ, ತೆಳ್ಳಗಿನ ಮನುಷ್ಯ. 1918ರಲ್ಲಿ ತಂಡದ ಹೊಣೆ ಹೊತ್ತು ಮೂರು ಬಾರಿ ಅದನ್ನು ಚಾಂಪಿಯನ್ ಮಾಡಿದರು. ಶಿಸ್ತಿಗೆ ಬಗ್ಗದ ಬೇಬ್ ರೂತ್‌ನಂಥ ದೈತ್ಯ ಆಟಗಾರನಿಗೇ 1925ರಲ್ಲಿ 5000 ಡಾಲರ್ ದಂಡ ಹಾಕಿ, ತಂಡದಿಂದ ಕೆಲ ದಿನ ಹೊರಗಿಟ್ಟ ಧೈರ್ಯ ಅವರದು. 1929ರಲ್ಲಿ, ಆಟದ ಋತು ಇನ್ನೂ ಮುಗಿಯುವ ಮೊದಲೇ, ಅವರು ತೀರಿಕೊಂಡರು. 1932ರ ಮೇ 30ರಂದು ಅವರ ನೆನಪಿನ ಕಲ್ಲನ್ನು ಅನಾವರಣ ಮಾಡಲಾಯಿತು.

ವಿಶೇಷವೆಂದರೆ ಆಗ ಈ ಕಲ್ಲು ಬೇಲಿಯ ಹೊರಗಿರಲಿಲ್ಲ, ಆಟದ ಮೈದಾನದ ಒಳಗೇ ಇತ್ತು! 1923ರಲ್ಲಿ ಕಟ್ಟಿದ ಹಳೆಯ ಕ್ರೀಡಾಂಗಣ ಎಷ್ಟು ವಿಶಾಲವಾಗಿತ್ತೆಂದರೆ ಬ್ಯಾಟುಗಾರನಿಂದ 450 ಅಡಿಗೂ ದೂರದಲ್ಲಿ ನಿಂತ ಕಲ್ಲು ಆಟಕ್ಕೆ ಅಡ್ಡಿ ಎಂದು ಯಾರಿಗೂ ಅನ್ನಿಸಲಿಲ್ಲ. ಆಗೊಮ್ಮೆ ಈಗೊಮ್ಮೆ ಚೆಂಡು ಅಲ್ಲಿಯವರೆಗೆ ಉರುಳಿ ಹೋದಾಗ ಕ್ಷೇತ್ರರಕ್ಷಕರು ಸ್ಮಾರಕದ ಹಿಂದೆ ನುಗ್ಗಿ ಅದನ್ನು ಹುಡುಕಬೇಕಾಗುತ್ತಿತ್ತು. ಮುಂದೆ 1941ರಲ್ಲಿ ಲೂ ಗೆರಿಗ್, 1949ರಲ್ಲಿ ಬೇಬ್ ರೂತ್ ಸ್ಮಾರಕಗಳು ಅದರ ಅಕ್ಕಪಕ್ಕ ಬಂದವು. ಸಮಾಧಿ ಕಲ್ಲುಗಳಂತೆ ಸಾಲಾಗಿ ನಿಂತ ಇವುಗಳನ್ನು ಗ್ಯಾಲರಿಯಿಂದ ನೋಡಿದ ಎಷ್ಟೋ ಮಕ್ಕಳು, ಆ ಮೂವರನ್ನೂ ಅಲ್ಲೇ ಹೂತಿದ್ದಾರೆಂದು ನಂಬಿದ್ದರಂತೆ. ಯಾರನ್ನೂ ಅಲ್ಲಿ ಹೂತಿಲ್ಲ. ಆದರೆ 1948ರ ಆಗಸ್ಟ್‌ನಲ್ಲಿ ರೂತ್ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಈ ಕ್ರೀಡಾಂಗಣದಲ್ಲೇ ಸಾರ್ವಜನಿಕ ದರ್ಶನಕ್ಕೆ ಇಡಲಾಗಿತ್ತು ಎಂಬುದು ನಿಜ. ಸಾವಿರಾರು ಜನ ಸರದಿಯಲ್ಲಿ ನಿಂತು ನಮಿಸಿದರು.

1970ರ ದಶಕದಲ್ಲಿ ಕ್ರೀಡಾಂಗಣ ನವೀಕರಣಗೊಂಡಾಗ ಕಲ್ಲುಗಳು ಬೇಲಿಯ ಆಚೆ ಸರಿದವು. 2009ರಲ್ಲಿ ಬೀದಿಯ ಇನ್ನೊಂದು ಬದಿಗೆ ಹೊಸ ಕ್ರೀಡಾಂಗಣ ತೆರೆದಾಗ ಅವೂ ಜೊತೆಗೆ ಬಂದವು. ಹಳೆಯದನ್ನು ಕೆಡವಿದ ನೆಲ ಈಗ ಸಾರ್ವಜನಿಕ ಆಟದ ಮೈದಾನ. ರೂತ್ ಚೆಂಡು ಬಾರಿಸಿದ ಜಾಗದಲ್ಲಿ ಇಂದು ಬಡಾವಣೆಯ ಹುಡುಗರು ಆಡುತ್ತಾರೆ.

ಅಡುಗೆಯಾಕೆಯ ಮಗ

ತೋಟದ ಕಲ್ಲುಗಳಲ್ಲಿ ವಿದ್ಯಾರ್ಥಿಗಳು, ತಂದೆ ತಾಯಂದಿರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಲೂ ಗೆರಿಗ್‌ನ ಮುಂದೆ. ಜರ್ಮನಿಯಿಂದ ವಲಸೆ ಬಂದ ಬಡ ದಂಪತಿಗೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಬದುಕಿ ಉಳಿದವನು ಆತನೊಬ್ಬನೇ. ತಾಯಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಯೊಂದರಲ್ಲಿ ಅಡುಗೆ ಮಾಡಿ, ಪಾತ್ರೆ ತೊಳೆದು ಸಂಸಾರ ನಡೆಸಿದಳು. ಮಗ ಎಂಜಿನಿಯರ್ ಆಗಬೇಕೆಂಬುದು ಆಕೆಯ ಆಸೆ. ಎಲ್ಲಿಯ ತಾಯಿಯಾದರೇನು, ಆಸೆ ಒಂದೇ ಅಲ್ಲವೇ! ಮಗ ಅದೇ ವಿಶ್ವವಿದ್ಯಾಲಯ ಸೇರಿದನಾದರೂ 1923ರಲ್ಲಿ ಓದು ಬಿಟ್ಟು ಯಾಂಕೀಸ್ ತಂಡಕ್ಕೆ ಸಹಿ ಹಾಕಿದ. ಮನೆಯ ಹಣದ ಮುಗ್ಗಟ್ಟು ಅದಕ್ಕೊಂದು ಮುಖ್ಯ ಕಾರಣವಾಗಿತ್ತು.

1925ರಿಂದ 1939ರ ವರೆಗೆ ಗೆರಿಗ್ ಒಂದೂ ತಪ್ಪದಂತೆ ಸತತ 2130 ಪಂದ್ಯ ಆಡಿದ. ಜ್ವರ ಬಂದರೂ, ಬೆರಳು ಮುರಿದರೂ ಆಡಿದ. 1939ರ ಆರಂಭದಲ್ಲಿ ಮಾತ್ರ ಕೈಕಾಲು ಮಾತು ಕೇಳದಾಯಿತು. ಮೇ 2ರಂದು ಆತನೇ ಮ್ಯಾನೇಜರನ ಬಳಿ ಹೋಗಿ ತನ್ನನ್ನು ಕೈಬಿಡುವಂತೆ ಹೇಳಿದ. ತಂಡದ ಹಿತಕ್ಕೆ ಅದೇ ಸರಿ ಎಂದು ಆತನಿಗೆ ತೋರಿತ್ತು. ಜೂನ್‌ನಲ್ಲಿ ವೈದ್ಯರು ರೋಗದ ಹೆಸರು ಹೇಳಿದರು: ನರಗಳು ನಿಧಾನವಾಗಿ ಸಾಯುತ್ತ ಸ್ನಾಯುಗಳೆಲ್ಲ ಸೋಲುವ ಎ.ಎಲ್.ಎಸ್. ಇಂದಿಗೂ ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಅಮೆರಿಕದಲ್ಲಿ ಜನ ಅದನ್ನು ಲೂ ಗೆರಿಗ್ ರೋಗ ಎಂದೇ ಕರೆಯುತ್ತಾರೆ.

ಅದೇ ವರ್ಷ ಜುಲೈ 4ರಂದು ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ತಂಡ ಆತನಿಗೆ ಗೌರವ ಏರ್ಪಡಿಸಿತು. 60 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. 36 ವರ್ಷದ ಆ ಗಟ್ಟಿಮುಟ್ಟು ಮನುಷ್ಯ ಕಣ್ಣೊರೆಸಿಕೊಳ್ಳುತ್ತ ಧ್ವನಿವರ್ಧಕದ ಮುಂದೆ ನಿಂತು, ಈ ಭೂಮಿಯ ಮೇಲೆ ತನ್ನಷ್ಟು ಅದೃಷ್ಟವಂತ ಇನ್ನೊಬ್ಬನಿಲ್ಲ ಎಂಬರ್ಥದ ಮಾತು ಹೇಳಿದ. ಜೊತೆಗಾರರಿಗೆ, ಎದುರಾಳಿ ತಂಡಕ್ಕೆ, ಮೈದಾನ ನೋಡಿಕೊಳ್ಳುವ ಕೆಲಸಗಾರರಿಗೆ, ಮಗ ಓದಲಿ ಎಂದು ಜೀವಮಾನವಿಡೀ ದುಡಿದ ಅಪ್ಪ ಅಮ್ಮನಿಗೆ, ಹೆಂಡತಿಗೆ, ಕೊನೆಗೆ ಅತ್ತೆಗೂ ಕೃತಜ್ಞತೆ ಹೇಳಿದ. ತನ್ನ ದಾಖಲೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡು ವರ್ಷದೊಳಗೆ, 1941ರ ಜೂನ್ 2ರಂದು ಆತ ತೀರಿಕೊಂಡ. ಮರು ತಿಂಗಳೇ ಕಲ್ಲು ನಿಂತಿತು.

ಆ ಕಲ್ಲಿನ ಮೇಲೆ, 2130 ಪಂದ್ಯಗಳ ದಾಖಲೆ ಎಂದೆಂದಿಗೂ ಉಳಿಯಬೇಕು ಎಂಬರ್ಥದ ಮಾತು ಕೆತ್ತಲಾಗಿದೆ. ಅದು ಉಳಿಯಲಿಲ್ಲ. 1995ರ ಸೆಪ್ಟೆಂಬರ್ 6ರಂದು ಬಾಲ್ಟಿಮೋರ್ ತಂಡದ ಕ್ಯಾಲ್ ರಿಪ್ಕೆನ್ ಅದನ್ನು ದಾಟಿದ. ಆದರೂ ಬರಹವನ್ನು ಯಾರೂ ಅಳಿಸಲಿಲ್ಲ. ಅದೇ ಸಾಲಿನಲ್ಲಿ ಗೆರಿಗ್‌ನನ್ನು ಮನುಷ್ಯ, ಸಭ್ಯ ಎಂದು ಮೊದಲು ಕರೆದು, ಆಟಗಾರ ಎಂದು ಆಮೇಲೆ ಕರೆದಿದ್ದಾರೆ. ಮೊದಲಿನ ಎರಡು ಮಾತುಗಳನ್ನು ಯಾವ ರಿಪ್ಕೆನ್ನನೂ ಮುರಿಯಲಾರ.

ಅಂಗಿಯ ಅಂಕಿಗೂ ನಿವೃತ್ತಿ

ತೋಟದ ಗೋಡೆಯುದ್ದಕ್ಕೂ ಅಂಕಿಗಳು ಕಾಣುತ್ತವೆ. 1929ರಲ್ಲಿ ಯಾಂಕೀಸ್ ತಂಡ ಅಂಗಿಯ ಬೆನ್ನಿಗೆ ಅಂಕಿ ಹಚ್ಚಿದಾಗ ಬ್ಯಾಟಿಂಗ್ ಸರದಿಯನ್ನೇ ಲೆಕ್ಕಕ್ಕೆ ಹಿಡಿದಿತ್ತು. ಮೂರನೆಯವನಾಗಿ ಬರುತ್ತಿದ್ದ ರೂತ್‌ಗೆ 3, ನಾಲ್ಕನೆಯವನಾದ ಗೆರಿಗ್‌ಗೆ 4. ಗೆರಿಗ್ ಆಟ ನಿಲ್ಲಿಸಿದಾಗ ಇನ್ನು ಮುಂದೆ ಆ 4 ಯಾರಿಗೂ ಬೇಡ ಎಂದು ತಂಡ ತೀರ್ಮಾನಿಸಿತು. ಬೇಸ್‌ಬಾಲ್‌ನಲ್ಲಿ ಹೀಗೆ ನಿವೃತ್ತಿಯಾದ ಮೊದಲ ಅಂಕಿ ಅದು. ಈ ಪದ್ಧತಿ ನಮ್ಮ ಊರಿನವರೆಗೂ ಬಂದಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಎಬಿ ಡಿವಿಲಿಯರ್ಸ್‌ರ 17, ಕ್ರಿಸ್ ಗೇಲ್‌ರ 333 ಸಂಖ್ಯೆಗಳನ್ನು ಇದೇ ರೀತಿ ನಿವೃತ್ತಿಗೊಳಿಸಿತು.

ಕಲ್ಲಿನ ಸ್ಮಾರಕ ಸಿಗುವುದು ಸತ್ತ ಮೇಲೆಯೇ, ಅದೂ ಬೆರಳೆಣಿಕೆಯ ಜನಕ್ಕೆ. ಬದುಕಿರುವವರಿಗೆ ಕಂಚಿನ ಫಲಕ. 1969ರಲ್ಲಿ ಜೋ ಡಿಮ್ಯಾಜಿಯೊ ಮತ್ತು ಮಿಕಿ ಮ್ಯಾಂಟಲ್ ಇಬ್ಬರಿಗೂ ಒಂದೇ ದಿನ ಫಲಕ ಕೊಟ್ಟಾಗ, ಕಿರಿಯನಾದ ಮ್ಯಾಂಟಲ್ ಹಿರಿಯರ ಫಲಕ ತನ್ನದಕ್ಕಿಂತ ತುಸು ಮೇಲಿರಬೇಕೆಂದು ಹೇಳಿ ಎಲ್ಲರ ಮನ ಗೆದ್ದ. ಇಬ್ಬರಿಗೂ ಸಾವಿನ ನಂತರ, 1996 ಮತ್ತು 1999ರಲ್ಲಿ, ಕಲ್ಲಿನ ಸ್ಮಾರಕಗಳು ಬಂದವು. ತಂಡದ ಒಡೆಯರಾಗಿದ್ದ ಜಾರ್ಜ್ ಸ್ಟೈನ್‌ಬ್ರೆನರ್ 2010ರಲ್ಲಿ ತೀರಿಕೊಂಡಾಗ ಅವರ ಫಲಕವನ್ನು ಮಾತ್ರ ಎಲ್ಲರದಕ್ಕಿಂತ ದೊಡ್ಡದಾಗಿ ಮಾಡಿಸಲಾಯಿತು. ಹಣ ಹಾಕಿದವನು ಆಡಿದವನಿಗಿಂತ ದೊಡ್ಡವನೇ ಎಂದು ಅಭಿಮಾನಿಗಳು ಆಗಲೇ ಗೊಣಗಿದ್ದುಂಟು.

ಇನ್ನೊಂದು ಅಂಕಿ 42. ಅದು ಇಲ್ಲಿ ಇಬ್ಬರಿಗೆ ಸೇರಿದೆ. ಒಬ್ಬ ಮರಿಯಾನೊ ರಿವೆರಾ. ಇನ್ನೊಬ್ಬ, ಯಾಂಕೀಸ್ ತಂಡಕ್ಕೆ ಎಂದೂ ಆಡದೆ ಅದರ ಬದ್ಧ ಎದುರಾಳಿಯಾದ ಬ್ರೂಕ್ಲಿನ್ ಡಾಜರ್ಸ್ ಪರ ಆಡಿದ ಜಾಕಿ ರಾಬಿನ್ಸನ್. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ದೊಡ್ಡ ಲೀಗಿನ ಬಾಗಿಲನ್ನು 1947ರಲ್ಲಿ ತೆರೆದ ಕಪ್ಪು ಆಟಗಾರ. 1997ರಲ್ಲಿ ಎಲ್ಲ ತಂಡಗಳೂ ಆತನ 42ನ್ನು ನಿವೃತ್ತಿಗೊಳಿಸಿದವು. ಇಲ್ಲಿ ಆತನ ಫಲಕ ಬಂದದ್ದು 2007ರಲ್ಲಿ. ಇಲ್ಲೇ ಇರುವ ಎಲ್‌ಸ್ಟನ್ ಹೊವಾರ್ಡ್‌ನ ಫಲಕವನ್ನೂ ಓದಬೇಕು. ಯಾಂಕೀಸ್ ತನ್ನ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1955ರಲ್ಲಿ, ರಾಬಿನ್ಸನ್ ಬಂದ ಎಂಟು ವರ್ಷಗಳ ನಂತರ. ಎರಡು ಫಲಕಗಳನ್ನು ಸೇರಿಸಿ ಓದಿದರೆ, ಗೌರವದ ಜೊತೆಗೆ ತಡದ ಲೆಕ್ಕವೂ ಸಿಗುತ್ತದೆ.

ತಡವಾದ ಮಾನ, ತಡವಾದ ಕ್ಷಮೆ

ತಡವನ್ನು ತಂಡವೇ ಒಪ್ಪಿಕೊಂಡ ಫಲಕವೂ ಒಂದಿದೆ. 1961ರಲ್ಲಿ ರೋಜರ್ ಮ್ಯಾರಿಸ್ ಒಂದೇ ಋತುವಿನಲ್ಲಿ 61 ಹೋಮ್ ರನ್ ಬಾರಿಸಿ, ರೂತ್‌ನ 60ರ ದಾಖಲೆ ಮುರಿದ. ಜನ ಮೆಚ್ಚಲಿಲ್ಲ. ತಮ್ಮ ದೇವರನ್ನು ಈತ ಕೆಳಗಿಳಿಸಿದನೆಂದು ಸ್ವಂತ ಮೈದಾನದಲ್ಲೇ ಕೂಗಿ ಹೀಯಾಳಿಸಿದರು. ಒತ್ತಡಕ್ಕೆ ಆ ವರ್ಷ ಆತನ ತಲೆಗೂದಲು ಉದುರತೊಡಗಿತ್ತು. 1966ರ ನಂತರ ಬೇರೆ ತಂಡಕ್ಕೆ ಹೋದ ಮ್ಯಾರಿಸ್ ಹನ್ನೊಂದು ವರ್ಷ ಇತ್ತ ತಲೆ ಹಾಕಲಿಲ್ಲ. 1984ರಲ್ಲಿ ಆತನ 9ನ್ನು ನಿವೃತ್ತಿಗೊಳಿಸಿದ ತಂಡ, ಇದು ತಡವಾದ ಮನ್ನಣೆ ಎಂದು ಫಲಕದಲ್ಲೇ ಕೆತ್ತಿಸಿತು. ಮರು ವರ್ಷ ಡಿಸೆಂಬರ್‌ನಲ್ಲಿ ಮ್ಯಾರಿಸ್ ಕ್ಯಾನ್ಸರಿನಿಂದ ತೀರಿಕೊಂಡ. ಇನ್ನೂ ಸ್ವಲ್ಪ ತಡವಾಗಿದ್ದರೆ?

ಯೋಗಿ ಬೆರಾ ಕಥೆ ಇದಕ್ಕಿಂತ ಸುಖಾಂತ. ಆಟಗಾರನಾಗಿ ಹತ್ತು ಚಾಂಪಿಯನ್ ತಂಡಗಳಲ್ಲಿದ್ದ ಬೆರಾ 1985ರಲ್ಲಿ ಮ್ಯಾನೇಜರ್ ಆಗಿದ್ದರು. ಋತುವಿನ ಬರೀ 16 ಪಂದ್ಯ ಮುಗಿದಾಗ ಸ್ಟೈನ್‌ಬ್ರೆನರ್ ಅವರನ್ನು ತೆಗೆದುಹಾಕಿದರು, ಅದೂ ಇನ್ನೊಬ್ಬರ ಮೂಲಕ ಹೇಳಿ ಕಳಿಸಿ. ಕೆಲಸ ಹೋದದ್ದಕ್ಕಿಂತ ಹೇಳಿ ಕಳಿಸಿದ್ದೇ ಬೆರಾಗೆ ಹೆಚ್ಚು ನೋವು ತಂದಿತು. 14 ವರ್ಷ ಅವರು ಕ್ರೀಡಾಂಗಣಕ್ಕೆ ಕಾಲಿಡಲಿಲ್ಲ. 1988ರಲ್ಲಿ ತಮ್ಮದೇ ಫಲಕ ಅನಾವರಣವಾದಾಗಲೂ ಬರಲಿಲ್ಲ. ಕಂಚು ಕೊಟ್ಟರೆ ಮಾತು ಕೊಟ್ಟಂತಾಗುವುದಿಲ್ಲ! ಕೊನೆಗೆ 1999ರ ಜನವರಿಯಲ್ಲಿ ಒಡೆಯರೇ ನ್ಯೂಜೆರ್ಸಿಯ ಬೆರಾ ವಸ್ತುಸಂಗ್ರಹಾಲಯಕ್ಕೆ ಹೋಗಿ ಎದುರೆದುರು ಕ್ಷಮೆ ಕೇಳಿದರು.

ಆ ಜುಲೈ 18ರಂದು ಬೆರಾ ಗೌರವ ದಿನ. 1956ರ ಫೈನಲ್ ಸರಣಿಯಲ್ಲಿ ಬೆರಾ ಕೈಗೆ ಚೆಂಡೆಸೆದು, ಎದುರಾಳಿಯ 27 ಮಂದಿಯಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟದಂತೆ ನೋಡಿಕೊಂಡಿದ್ದ ಡಾನ್ ಲಾರ್ಸನ್ ಅಂದಿನ ಸಾಂಕೇತಿಕ ಚೆಂಡು ಎಸೆದರು. ಬೆರಾ ಅದನ್ನು ಹಿಡಿದದ್ದು ತಂಡದ ಜೋ ಗಿರಾರ್ಡಿಯ ಕೈಗವಸನ್ನು ಎರವಲು ಪಡೆದು. ಆಮೇಲೆ ಶುರುವಾದ ಪಂದ್ಯದಲ್ಲಿ ಅದೇ ಕೈಗವಸಿಗೆ ಚೆಂಡೆಸೆದ ಡೇವಿಡ್ ಕೋನ್, ತಾನೂ 27 ಮಂದಿಯನ್ನು ಹಾಗೇ ಸಾಲಾಗಿ ಹಿಂದಿರುಗಿಸಿದ! ಒಂದೂವರೆ ಶತಮಾನದ ಇತಿಹಾಸದಲ್ಲಿ 2023ರ ವರೆಗೆ ಇಂಥ ಪಂದ್ಯ ಆಗಿರುವುದು ಕೇವಲ 24 ಬಾರಿ. ಕಾಕತಾಳೀಯ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೋಗುವವರಿಗೆ

ಪಂದ್ಯದ ಟಿಕೆಟ್ ಇದ್ದವರಿಗೆ ಮಾನ್ಯುಮೆಂಟ್ ಪಾರ್ಕ್ ನೋಡಲು ಬೇರೆ ಶುಲ್ಕವಿಲ್ಲ. ಆದರೆ ಆಟ ಆರಂಭವಾಗುವ 45 ನಿಮಿಷ ಮುಂಚೆ ಬಾಗಿಲು ಮುಚ್ಚುತ್ತಾರೆ, ಬೇಗ ಹೋಗುವುದು ಒಳಿತು. ಪಂದ್ಯವಿಲ್ಲದ ದಿನಗಳಲ್ಲಿ ಟಿಕೆಟ್ ಪಡೆದು ಕ್ರೀಡಾಂಗಣ ಸುತ್ತುವ ವ್ಯವಸ್ಥೆಯೂ ಇದೆ. ಸಾಧ್ಯವಾದರೆ ಬೇಸಗೆಯ 'ಹಳಬರ ದಿನ'ಕ್ಕೆ ಹೊಂದಿಸಿಕೊಳ್ಳಿ. ನಿವೃತ್ತ ಆಟಗಾರರು ಹೊಟ್ಟೆ ಬಂದ ಮೈಮೇಲೆ ಹಳೆಯ ಸಮವಸ್ತ್ರ ತೊಟ್ಟು ಮತ್ತೆ ಅಂಗಳಕ್ಕಿಳಿಯುತ್ತಾರೆ. ತೀರಿಹೋದವರ ಪತ್ನಿಯರನ್ನೂ ಹೆಸರು ಹಿಡಿದು ಕರೆದು ಗೌರವಿಸುತ್ತಾರೆ.

ಇಷ್ಟೆಲ್ಲ ಗೌರವದಿಂದ ಒಂದು ಪೇಚೂ ಹುಟ್ಟಿದೆ. 2017ರಲ್ಲಿ ಡೆರೆಕ್ ಜೀಟರ್‌ನ 2 ನಿವೃತ್ತಿಯಾದ ಮೇಲೆ 1ರಿಂದ 9ರ ವರೆಗಿನ ಯಾವ ಅಂಕಿಯೂ ಹೊಸಬರಿಗೆ ಉಳಿದಿಲ್ಲ. 2016ರ ಅಭ್ಯಾಸ ಶಿಬಿರಕ್ಕೆ ಬಂದ ಆರನ್ ಜಡ್ಜ್ ಎಂಬ ಎತ್ತರದ ಹುಡುಗನಿಗೆ ತಂಡ ಕೊಟ್ಟ ಅಂಗಿಯ ಅಂಕಿ 99. ಅದನ್ನೇ ತೊಟ್ಟು ಆತ 2022ರಲ್ಲಿ 62 ಹೋಮ್ ರನ್ ಬಾರಿಸಿ, ಅಮೆರಿಕನ್ ಲೀಗ್‌ನಲ್ಲಿ ಮ್ಯಾರಿಸ್‌ನ ದಾಖಲೆ ದಾಟಿದ. ಈ ಬಾರಿ ಯಾರೂ ಹೀಯಾಳಿಸಲಿಲ್ಲ. ಮ್ಯಾರಿಸ್‌ನ ಮಗನೇ ಆತನನ್ನು ಅಭಿನಂದಿಸಿದ.