ಅಬ್ಬಾರ ಇದ್ದಿಲು

ಬೆಂಗಳೂರಿಗೆ ಕಡಲಿಲ್ಲ. ಕಡಲು ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರಿಗೇ ಹೋಗಬೇಕು. ಆದರೂ ಎರಡು ವರ್ಷಗಳ ಹಿಂದೆ ಆರ್.ಟಿ. ನಗರದ ನಮ್ಮ ಮನೆಯ ಹಜಾರಕ್ಕೆ ಒಂದು ಪುಟ್ಟ ಕಡಲು ಬಂದು ಕುಳಿತಿತು. ಮೂರಡಿ ಉದ್ದದ ಗಾಜಿನ ತೊಟ್ಟಿ, 150 ಲೀಟರ್ ನೀರು. ಟಿ.ವಿ.ಯಲ್ಲಿ 'ಫೈಂಡಿಂಗ್ ನೀಮೋ' ನೋಡಿದ ಮಗ ಅದೇ ಕಿತ್ತಳೆ ಬಣ್ಣದ ಬಿಳಿ ಪಟ್ಟೆಯ ಮೀನು ಬೇಕೆಂದು ಹಟ ಹಿಡಿದಿದ್ದ. ಹವಳ, ಕಡಲಕುದುರೆಗಳನ್ನು ಸಾಕುವಂತಿಲ್ಲ. ಅವಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕ್ಲೌನ್ ಮೀನಿಗೆ ಆ ಅಡ್ಡಿಯಿಲ್ಲ.

ಶೋಧಿಸಿದ ಆರ್.ಓ. ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿದೆವು. ಒಟ್ಟು ಐದು ಕಿಲೋಗೂ ಹೆಚ್ಚಾಯಿತು. "ಇಷ್ಟು ಉಪ್ಪಿನಲ್ಲಿ ಇಡೀ ಓಣಿಗೆ ಉಪ್ಪಿನಕಾಯಿ ಹಾಕಬಹುದಿತ್ತು" ಎಂದು ಮನೆಯವರು ಗೊಣಗಿದರು. ನೀರು ತಿಳಿಯಾಗಿರಲೆಂದು ಅಂಗಡಿಯವನು ಅರ್ಧ ಕಿಲೋ ಆಕ್ಟಿವೇಟೆಡ್ ಕಾರ್ಬನ್ ಕೊಟ್ಟಿದ್ದ. ಅದರ ಬೆಲೆ ಕೇಳಿ ನಾವು ಒಂದು ಗಳಿಗೆ ಸುಮ್ಮನಾಗಿದ್ದೆವು.

ಮೂಲೆಯ ಕುರ್ಚಿಯಲ್ಲಿದ್ದ ಅಬ್ಬಾ ಪೊಟ್ಟಣ ತರಿಸಿಕೊಂಡು, ನಾಲ್ಕು ಹರಳನ್ನು ಅಂಗೈಗೆ ಹಾಕಿ ಉಜ್ಜಿದರು. ಮೂಗಿಗೆ ಹಿಡಿದರು. "ಅರೆ, ಇದು ಕೋಯ್ಲಾ! ತೆಂಗಿನ ಚಿಪ್ಪಿನದು" ಎಂದು ಮಗುವಿನಂತೆ ನಕ್ಕರು. ಕರಿದಾದ ಆ ಅಂಗೈ ನೋಡಿ ನಮಗೆ ಹಳೆಯ ಮುಜುಗರ ಮರಳಿ ಬಂತು.

ಓದುಗರಲ್ಲಿ ಮುಚ್ಚಿಡುವುದೇನು? ಅಬ್ಬಾ ಯಶವಂತಪುರದಲ್ಲಿ ಸೌದೆ ಡಿಪೋ ನಡೆಸುತ್ತಿದ್ದರು. ಇಸ್ತ್ರಿಯವರು, ಕಬಾಬಿನವರು, ಚಹಾದ ಅಂಗಡಿಯವರು ಇದ್ದಿಲು ಒಯ್ಯುತ್ತಿದ್ದರು. ಎಷ್ಟು ಸಾಬೂನು ತಿಕ್ಕಿದರೂ ಅಬ್ಬಾರ ಉಗುರಿನ ಕಪ್ಪು ಹೋಗುತ್ತಿರಲಿಲ್ಲ. ಐದನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಎರಡೂ ಕಡೆ ನಾವು ತಂದೆಯ ಉದ್ಯೋಗ 'ವ್ಯಾಪಾರ' ಎಂದೇ ಬರೆಸಿದೆವು. ಯಾವುದರ ವ್ಯಾಪಾರ ಎಂದು ಬರೆಸಲಿಲ್ಲ. ನಮ್ಮ ಕಥಾಸಂಕಲನದ ಬೆನ್ನುಪುಟದಲ್ಲೂ ಅದೇ ಪದ. ಮನೆಮನೆಗೆ ಗ್ಯಾಸ್ ಬಂದ ಮೇಲೆ ಡಿಪೋ ಮುಚ್ಚಿತು. ನಾವು ಒಳಗೊಳಗೇ ನೆಮ್ಮದಿಪಟ್ಟಿದ್ದೆವು.

ಅಬ್ಬಾ ಹೇಳಿದ್ದು ಸರಿಯಾಗಿತ್ತು. ಚಿಪ್ಪನ್ನು ಹೆಚ್ಚು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡುತ್ತಾರೆ. ಆ ಇದ್ದಿಲಿಗೆ 900 ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಹಬೆ ಹಾಯಿಸಿದರೆ ಅದರೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದು ಗ್ರಾಂ ಹರಳಿನ ಒಳಗೋಡೆಗಳನ್ನೆಲ್ಲ ಹಾಸಿದರೆ ಸುಮಾರು 1000 ಚದರ ಮೀಟರ್ ಆದೀತು. ಮೀನಿನ ಹೊಲಸು, ತಿನ್ನದೆ ಬಿಟ್ಟ ಆಹಾರ ಕರಗಿ ನೀರಿಗೆ ಬರುವ ಹಳದಿ ಬಣ್ಣ ಮತ್ತು ವಾಸನೆ ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಯುವ ಮುಖವಾಡಕ್ಕೆ ತುಂಬಿದ್ದೂ ಇಂಥ ಇದ್ದಿಲನ್ನೇ.

ಹರಳನ್ನು ತೊಳೆದು, ಜಾಲರಿ ಚೀಲಕ್ಕೆ ಹಾಕಿ, ನೀರು ಹರಿಯುವ ಕಡೆ ಇಟ್ಟೆವು. ನೀರು ಸ್ಫಟಿಕದಂತಿತ್ತು. ಮೂರನೆಯ ದಿನವೇ ನಾಲ್ಕು ಮೀನು ಬಿಟ್ಟೆವು. "ಸ್ವಲ್ಪ ದಿನ ಕಾಯೋಣ ಅಬ್ಬು, ಪುಸ್ತಕದಲ್ಲಿ ಹಾಗಿದೆ" ಎಂದು ಮಗ ಹೇಳಿದ್ದ. ಹಬ್ಬಕ್ಕೆ ನೆಂಟರು ಬರುವ ಮೊದಲೇ ಮೀನು ಇರಬೇಕೆಂದು ಆತುರಪಟ್ಟವರು ನಾವು. ಈದ್ ದಿನ ಬಂದವರೆಲ್ಲ ಶೀರ್ ಖುರ್ಮಾ ಬಟ್ಟಲು ಹಿಡಿದು ತೊಟ್ಟಿಯ ಮುಂದೆಯೇ ನಿಂತರು. ನಮ್ಮ ಎದೆ ಉಬ್ಬಿತು.

ಮರುವಾರದೊಳಗೆ ನಾಲ್ಕೂ ಮೀನು ಸತ್ತವು. ಕೊನೆಯದನ್ನು ಕೈಯಲ್ಲಿ ಹಿಡಿದು ಮಗ ಕೇಳಿದ: "ನೀರು ಇಷ್ಟು ಚೆನ್ನಾಗಿತ್ತಲ್ಲ ಅಬ್ಬು?" ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವರು ಬಹಳ ಕಾಲದಿಂದ ಕಡಲ ಮೀನು ಸಾಕಿದ ಯಲಹಂಕದ ಹಿರಿಯರೊಬ್ಬರು. ಮೀನನ್ನು ಕೊಂದದ್ದು ಅಮೋನಿಯಾ. ಅದಕ್ಕೆ ಬಣ್ಣವಿಲ್ಲ. ಉಪ್ಪುನೀರಿನ ಕ್ಷಾರಗುಣದಲ್ಲಿ ಅದರ ವಿಷ ಇನ್ನೂ ತೀಕ್ಷ್ಣ. ಇದ್ದಿಲು ಅದನ್ನು ಹಿಡಿಯುವುದಿಲ್ಲ. ಅದನ್ನು ಅರಗಿಸುವವು ಕಲ್ಲು-ಮರಳಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಇದನ್ನು ಕೇಳಿ ಅಬ್ಬಾ ಇಷ್ಟೇ ಹೇಳಿದರು: "ಕೋಯ್ಲಾ ತನ್ನ ಕೆಲಸ ಮಾಡಿತು ಬೇಟಾ. ಅದರದ್ದಲ್ಲದ ಕೆಲಸವನ್ನೂ ನೀನು ಅದರ ತಲೆಗೆ ಕಟ್ಟಿದೆ."

ಆರು ವಾರ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕುಳಿತೆವು. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಸೊನ್ನೆಗೆ ಇಳಿದ ಮೇಲೆಯೇ, ಕಡಲಿನಿಂದ ಹಿಡಿದದ್ದಲ್ಲದ, ತೊಟ್ಟಿಯಲ್ಲೇ ಹುಟ್ಟಿದ ಎರಡು ಮರಿ ತಂದೆವು. ಅವು ಇಂದಿಗೂ ಇವೆ.

ಇದ್ದಿಲಿನ ಉಸ್ತುವಾರಿ ಮಾತ್ರ ಅಬ್ಬಾರದೇ ಆಯಿತು. ತಿಂಗಳಿಗೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಒಮ್ಮೆ ಹಳೆಯದನ್ನು ಎಸೆಯಲು ಮನಸ್ಸಾಗದೆ ತೊಳೆದು ತಾರಸಿಯಲ್ಲಿ ಒಣಹಾಕಿದರು. ಮೊಮ್ಮಗ, "ದಾದಾ, ರಂಧ್ರಗಳೆಲ್ಲ ತುಂಬಿಹೋಗಿವೆ. ಮತ್ತೆ ಕುಲುಮೆಯ ಕಾವೇ ಬೇಕು, ಬಿಸಿಲು ಸಾಲದು" ಎಂದ. "ಹೊಟ್ಟೆ ತುಂಬಿತು ಅನ್ನು" ಎಂದು ಅಬ್ಬಾ ಒಪ್ಪಿಕೊಂಡರು. ಮೀನಿಗೆ ಕಾಯಿಲೆಯಾಗಿ ಔಷಧಿ ಹಾಕುವಾಗ ಚೀಲವನ್ನು ಹೊರಗಿಡುವುದೂ ಅವರೇ. ಇಲ್ಲದಿದ್ದರೆ ಅದು ಔಷಧಿಯನ್ನೂ ನುಂಗಿಬಿಡುತ್ತದೆ.

ಮೊನ್ನೆ ಮಗನ ಗೆಳೆಯರು ಬಂದಿದ್ದರು. ಅಬ್ಬಾ ಬಕೆಟ್ ಮುಂದೆ ಕುಳಿತು ಹರಳು ತೊಳೆಯುತ್ತಿದ್ದರು. ಮೊಣಕೈವರೆಗೆ ಕಪ್ಪು. ಅವರನ್ನು ಒಳಗೆ ಕರೆಯಬೇಕೆಂದು ನಾವು ಎದ್ದೆವು, ಚಿಕ್ಕಂದಿನಿಂದ ಬಂದ ಅಭ್ಯಾಸ. ಅಷ್ಟರಲ್ಲಿ ಮಗ ಅವರ ಭುಜದ ಮೇಲೆ ಕೈಯಿಟ್ಟು ಹೇಳಿದ: "ಇವರು ನಮ್ಮ ದಾದಾ. ಯಶವಂತಪುರದಲ್ಲಿ ಇವರದು ಇದ್ದಿಲಿನ ಡಿಪೋ ಇತ್ತು. ಇದ್ದಿಲಿನ ವಿಷಯ ಇವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ."

ಅಬ್ಬಾ ತಲೆ ಎತ್ತಲಿಲ್ಲ. ಹರಳು ತೊಳೆಯುವ ಕೈ ಮಾತ್ರ ಒಂದು ಗಳಿಗೆ ನಿಂತಿತು.

ನಮ್ಮ ಎರಡನೆಯ ಸಂಕಲನ ಅಚ್ಚಿಗೆ ಹೋಗಲಿದೆ. ಬೆನ್ನುಪುಟದ ಕರಡು ಮೇಜಿನ ಮೇಲಿದೆ. 'ವ್ಯಾಪಾರಿ' ಎಂಬ ಪದದ ಮುಂದೆ 'ಇದ್ದಿಲು' ಎಂದು ಸೇರಿಸಿದ್ದೇವೆ.